ವಾಹನವಾದ ವಿಷಾಣು

ನಮ್ಮ ಪೂರ್ವಿಕರು ದೇವತೆಗಳಿಗೆ ವಾಹನಗಳನ್ನು ಕಲ್ಪಿಸುವಾಗ ಐರಾವತ, ಗರುಡ, ಹಂಸಗಳಂತಹ ಗಂಭೀರ ಪ್ರಾಣಿಗಳನ್ನು ಮಾತ್ರ ಆರಿಸಿಕೊಳ್ಳಲಿಲ್ಲ. ಕಣಜದ ಕಾಳನ್ನು ಕದಿಯುವ, ಪೆಟ್ಟಿಗೆಯ ಬಟ್ಟೆಯನ್ನು ಕಡಿಯುವ, ಮನೆಮಂದಿಯ ನಿದ್ರೆಯನ್ನು ಕೆಡಿಸುವ ಇಲಿಯನ್ನೂ ಹಿಡಿದು ತಂದು ವಿಘ್ನೇಶ್ವರನ ಪಾದದಡಿಯಲ್ಲಿ ನಿಲ್ಲಿಸಿದರು. ಇದರಲ್ಲಿ ವಿನೋದವೆಷ್ಟೋ ವಿವೇಕವೂ ಅಷ್ಟೇ ಉಂಟು. ಯಾವುದನ್ನು ಅಳಿಸಿಹಾಕುವುದು ನಮ್ಮಿಂದಾಗದೋ ಅದನ್ನು ಪಳಗಿಸಿ ಕೆಲಸಕ್ಕೆ ಹಚ್ಚುವುದು ಒಂದು ದೊಡ್ಡ ವಿದ್ಯೆಯೇ ಸರಿ. ಆಧುನಿಕ ವೈದ್ಯಶಾಸ್ತ್ರವು ಇಂತಹುದೇ ಒಂದು ವಿದ್ಯೆಯನ್ನು ಸಾಧಿಸಿದೆ. ಪ್ರಾಣಿಗಳ ಶರೀರದಲ್ಲಿ ವಾಸಮಾಡುವ ವಿಷಾಣುಗಳನ್ನು ಹಿಡಿದು, ಅವುಗಳ ಹಲ್ಲನ್ನು ಕಿತ್ತು, ಬೆನ್ನ ಮೇಲೊಂದು ಹೊರೆಯನ್ನು ಹೇರಿ, ರೋಗದಿಂದ ನಮ್ಮನ್ನು ಕಾಪಾಡುವ ಲಸಿಕೆಯನ್ನಾಗಿ ಮಾಡಿರುವುದೇ ಆ ಸಾಧನೆ.

ಇದು ಎಲ್ಲಿಯೋ ದೂರದ ಮಾತೆಂದು ವಾಚಕರು ಭಾವಿಸಬಾರದು. 2021ರಲ್ಲಿ ಕೋವಿಡ್ ಮಾರಿಯ ಕಾಲದಲ್ಲಿ ನಮ್ಮ ದೇಶದ ಬಹುಪಾಲು ಜನರ ತೋಳಿಗೆ ಚುಚ್ಚಲ್ಪಟ್ಟ ಕೋವಿಶೀಲ್ಡ್ ಎಂಬ ಲಸಿಕೆಯು ಚಿಂಪಾಂಜಿಯಲ್ಲಿ ದೊರೆತ ಒಂದು ವಿಷಾಣುವನ್ನು ವಾಹನವಾಗಿ ಉಳ್ಳದ್ದು. ಆಗ ನಮ್ಮ ಬೀದಿಯವರಲ್ಲಿ ಕೆಲವರು, “ಮೇಷ್ಟರೇ, ಇದರೊಳಗೆ ಏನಿದೆ?” ಎಂದು ನಮ್ಮನ್ನು ಕೇಳಿದ್ದುಂಟು. ಕೇಳಿದವರಿಗಿಂತ ಕೇಳದೆ ತೋಳು ಕೊಟ್ಟವರೂ, ಕೇಳದೆ ಓಡಿಹೋದವರೂ ಹೆಚ್ಚು. ತಿಳಿಯದ ನಂಬಿಕೆಯೂ ತಿಳಿಯದ ಭೀತಿಯೂ ಒಂದೇ ತಾಯಿಯ ಮಕ್ಕಳು. ಈ ಎರಡರ ನಡುವೆ ತಿಳಿದು ನಡೆಯುವ ಮಾರ್ಗವೊಂದಿದೆ. ಅದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಮೊದಲು ಹೆಸರಿನ ವಿಚಾರ. ‘ವೈರಸ್’ ಎಂಬುದು ಲ್ಯಾಟಿನ್ ಶಬ್ದ. ಅದಕ್ಕೆ ವಿಷವೆಂದು ಅರ್ಥ. ಭಾಷಾಶಾಸ್ತ್ರಜ್ಞರ ಮತದಂತೆ ಆ ಶಬ್ದವೂ ಸಂಸ್ಕೃತದ ‘ವಿಷ’ ಶಬ್ದವೂ ಒಂದೇ ಮೂಲದಿಂದ ಹುಟ್ಟಿದ ಸೋದರರು. ಆದುದರಿಂದ ವಿಷಾಣುವೆಂದು ನಾವು ಕರೆಯುವುದು ಯುಕ್ತವಾಗಿಯೇ ಇದೆ. ಈ ವಿಷಾಣುವಿಗೆ ಸ್ವಂತ ಸಂಸಾರವೆಂಬುದಿಲ್ಲ. ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಒಂದು ಪುಟ್ಟ ಕವಚ, ಅದರೊಳಗೆ ಜೀನುಗಳೆಂಬ ಒಂದು ಬರಹ, ಇಷ್ಟೇ ಅದರ ಆಸ್ತಿ. ಅದು ನಮ್ಮ ಜೀವಕೋಶದ ಬಾಗಿಲನ್ನು ತೆರೆದು ಒಳಹೊಕ್ಕು, ತನ್ನ ಬರಹವನ್ನು ಅಲ್ಲಿಯ ಕಾರ್ಖಾನೆಯ ಮುಂದೆ ಇಡುತ್ತದೆ. ಕಾರ್ಖಾನೆಯು ಯಜಮಾನನ ಆಜ್ಞೆಯೆಂದು ಭ್ರಮಿಸಿ ಆ ಬರಹದಂತೆ ಸಾವಿರಾರು ಹೊಸ ವಿಷಾಣುಗಳನ್ನು ತಯಾರಿಸಿಕೊಡುತ್ತದೆ. ರೋಗದ ಮರ್ಮವು ಇಷ್ಟೇ.

ವಿಷಾಣುವಿನ ಬರಹದಲ್ಲಿ ಅದರ ಸಂತಾನವೃದ್ಧಿಗೆ ಅಗತ್ಯವಾದ ಪುಟವನ್ನು ಹರಿದುಹಾಕಿ, ಆ ಸ್ಥಳದಲ್ಲಿ ಬೇರೊಂದು ಭಯಂಕರ ರೋಗಾಣುವಿನ ಒಂದೇ ಒಂದು ಪುಟವನ್ನು ಅಂಟಿಸಿದರೆ ಆಗುವುದೇನು? ಒಳಹೊಕ್ಕ ವಿಷಾಣುವು ಬೆಳೆಯಲಾರದು. ಆದರೆ ಆ ಅಂಟಿಸಿದ ಪುಟದಂತೆ ಭಯಂಕರ ರೋಗಾಣುವಿನ ಹೊರಮೈಯ ಒಂದು ತುಣುಕು ಮಾತ್ರ ತಯಾರಾಗುತ್ತದೆ. ನಮ್ಮ ಶರೀರದ ಕಾವಲುಗಾರರು ಅದನ್ನು ಕಂಡು ಎಚ್ಚತ್ತು, ಪ್ರತಿಕಾಯಗಳೆಂಬ ಆಯುಧಗಳನ್ನು ಮಸೆದುಕೊಂಡು, ಶತ್ರುವಿನ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳುವರು. ಮುಂದೆ ನಿಜವಾದ ಶತ್ರುವೇ ಬಂದಾಗ ಅವರು ಸಿದ್ಧರಾಗಿರುವರು. ಕಳ್ಳನನ್ನು ಒಳಕ್ಕೆ ಬಿಡದೆ ಅವನ ಅಂಗಿಯನ್ನು ತೋರಿಸಿ ಕಾವಲಿನವರಿಗೆ ಪಾಠ ಹೇಳಿದಂತೆ.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಮನುಷ್ಯರ ವಿಷಾಣುಗಳೇ ಬೇಕಾದಷ್ಟಿರುವಾಗ ಪ್ರಾಣಿಗಳ ವಿಷಾಣುವೇ ಏಕೆ? ಇದಕ್ಕೆ ಸಮಾಧಾನವು ಎರಡು ವಿಧ. ಪ್ರಾಣಿಯ ಶರೀರಕ್ಕೆ ಹೊಂದಿಕೊಂಡ ವಿಷಾಣುವು ಅನೇಕ ವೇಳೆ ಮನುಷ್ಯನೊಳಗೆ ಹೊಕ್ಕರೂ ಅಲ್ಲಿ ಊರು ಕಟ್ಟಲಾರದು, ಅದು ಪರದೇಶಿ. ಇದು ಮೊದಲನೆಯ ಗುಣ. ಪರದೇಶಿಯಾದುದರಿಂದಲೇ ನಮ್ಮ ಕಾವಲುಗಾರರಿಗೆ ಅದರ ಪರಿಚಯವಿರುವುದಿಲ್ಲ. ಹೊರೆಯನ್ನು ಇಳಿಸುವವರೆಗೂ ಅದನ್ನು ಹೊಸ್ತಿಲಲ್ಲಿಯೇ ಹೊಡೆದು ಕೆಡಹುವುದಿಲ್ಲ. ಇದು ಎರಡನೆಯ ಗುಣ.

ಪ್ರಾಣಿಯ ವಿಷಾಣುವಿನಿಂದ ಮನುಷ್ಯನನ್ನು ಕಾಯುವ ಸಂಗತಿಯು ಹೊಸದಲ್ಲ. 1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಹಾಲು ಕರೆಯುವವಳೊಬ್ಬಳ ಕೈಯ ಮೇಲೆದ್ದಿದ್ದ ಹಸುವಿನ ಸಿಡುಬಿನ ಗುಳ್ಳೆಯ ರಸವನ್ನು ಎಂಟು ವರ್ಷದ ಹುಡುಗನ ತೋಳಿಗೆ ಹಚ್ಚಿದನು. ಲ್ಯಾಟಿನ್ನಿನಲ್ಲಿ ಹಸುವಿಗೆ ‘ವಕ್ಕಾ’ ಎಂದು ಹೆಸರು. ಅದರಿಂದಲೇ ‘ವ್ಯಾಕ್ಸೀನ್’ ಎಂಬ ಶಬ್ದ ಬಂದಿತು. ಆ ವಿದ್ಯೆಯು 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದಿಳಿಯಿತು. ಸ್ವಲ್ಪ ಕಾಲದಲ್ಲಿಯೇ ಮೈಸೂರಿನ ಅರಮನೆಯನ್ನೂ ಮುಟ್ಟಿತು. 1805ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಮೈಸೂರಿನ ರಾಣಿಯರ ಪಟವೊಂದಿದೆ. ಅದರಲ್ಲಿ ಒಬ್ಬ ತರುಣಿಯು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವಳು. ಆಕೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯೆಂದೂ, ದೇವಿ ಹಾಕಿಸಿಕೊಂಡ ಸ್ಥಳವನ್ನು ಪ್ರಜೆಗಳಿಗೆ ತೋರಿಸಿ ಧೈರ್ಯ ಹೇಳುತ್ತಿರುವಳೆಂದೂ ಇತಿಹಾಸಜ್ಞರೊಬ್ಬರು ಊಹಿಸಿರುವರು. ರಾಣಿವಾಸದ ಸ್ತ್ರೀಯು ತೋಳನ್ನು ತೋರಿಸುವುದು ಆ ಕಾಲದಲ್ಲಿ ಸಣ್ಣ ಸಾಹಸವಲ್ಲ.

ನಮ್ಮ ವಯಸ್ಸಿನವರ ತೋಳುಗಳ ಮೇಲೆ ಈಗಲೂ ಆ ದೇವಿಯ ಕಲೆಗಳಿವೆ. ದೇವಿ ಹಾಕುವವರು ಬಂದರೆಂದು ಕೇಳಿದೊಡನೆ ಹಿಂದಿನ ಬೆಂಚುಗಳ ಹುಡುಗರು ಕಿಟಕಿಯಿಂದ ಹಾರಿ ಮಾಯವಾಗುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ. ಆದರೂ ಕಡೆಗೆ ಗೆದ್ದದ್ದು ಲಸಿಕೆಯೇ. 1980ರ ಮೇ ತಿಂಗಳಲ್ಲಿ ಸಿಡುಬು ಭೂಮಂಡಲದಿಂದಲೇ ತೊಲಗಿತೆಂದು ಸಾರಲಾಯಿತು. ಇದರಲ್ಲಿಯೂ ಒಂದು ಕೌತುಕವುಂಟು. ಹಸುವಿನದೆಂದು ಎಲ್ಲರೂ ನಂಬಿದ್ದ ಆ ಲಸಿಕೆಯ ವಿಷಾಣುವು ನಿಜವಾಗಿ ಹಸುವಿನ ಸಿಡುಬಿನ ವಿಷಾಣುವಲ್ಲ. 1902ರಲ್ಲಿ ತಯಾರಾದ ಹಳೆಯ ಲಸಿಕೆಯೊಂದನ್ನು 2017ರಲ್ಲಿ ಪರೀಕ್ಷಿಸಿದಾಗ ಅದು ಕುದುರೆಯ ಸಿಡುಬಿನ ವಿಷಾಣುವಿಗೆ ಬಹಳ ಹತ್ತಿರದ್ದೆಂದು ಕಂಡುಬಂದಿತು. ಗೋಮಾತೆಗೆ ಸಂದ ಕೀರ್ತಿಯಲ್ಲಿ ಕುದುರೆಗೂ ಪಾಲಿರಬೇಕು.

ಜೆನ್ನರನ ವಿಷಾಣುವು ತನ್ನನ್ನೇ ತಾನು ಹೊತ್ತುಕೊಂಡು ಬಂದಿತು. ಅದಕ್ಕೆ ಬೇರೆ ಹೊರೆಯಿರಲಿಲ್ಲ. 1982ರಲ್ಲಿ ಅಮೆರಿಕದ ಎರಡು ಕಡೆಗಳಲ್ಲಿ, ಬೆಥೆಸ್ಡಾ ಎಂಬಲ್ಲಿ ಬರ್ನಾರ್ಡ್ ಮಾಸ್ ಎಂಬವರ ಬಳಗವೂ, ಆಲ್ಬನಿ ಎಂಬಲ್ಲಿ ಎಂಜೋ ಪವೊಲೆಟ್ಟಿ ಮತ್ತು ಡೆನಿಸ್ ಪನಿಕಾಲಿ ಎಂಬವರೂ ಅದೇ ಸಿಡುಬಿನ ಲಸಿಕೆಯ ವಿಷಾಣುವಿನೊಳಗೆ ಪರಕೀಯವಾದ ಜೀನನ್ನು ಸೇರಿಸಿ ತೋರಿಸಿದರು. ಅಂದಿನಿಂದ ವಿಷಾಣುವು ನಿಜವಾದ ಅರ್ಥದಲ್ಲಿ ವಾಹನವಾಯಿತು. ಇದರ ಮೊದಲ ದೊಡ್ಡ ಉಪಕಾರವನ್ನು ಪಡೆದದ್ದು ಮನುಷ್ಯನಲ್ಲ, ನರಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೂರ್ವ ಯೂರೋಪಿನಲ್ಲಿ ತಲೆದೋರಿದ ನರಿಗಳ ರೇಬೀಸು ವರ್ಷಕ್ಕೆ ಹತ್ತಾರು ಮೈಲಿಯಂತೆ ಪಶ್ಚಿಮಕ್ಕೆ ಸರಿಯುತ್ತ 1966ರಲ್ಲಿ ಬೆಲ್ಜಿಯಂ ದೇಶವನ್ನೂ 1968ರಲ್ಲಿ ಫ್ರಾನ್ಸ್ ದೇಶವನ್ನೂ ಹೊಕ್ಕಿತು. ಹುಚ್ಚು ಹಿಡಿದ ನರಿಯು ಹಸುವನ್ನು ಕಡಿಯುವುದು, ನಾಯಿಯನ್ನು ಕಡಿಯುವುದು. ಅವುಗಳಿಂದ ಮನುಷ್ಯನಿಗೆ ಅಪಾಯ. ಸರ್ಕಾರಗಳು ನರಿಗಳನ್ನು ಗುಂಡಿಟ್ಟು ಕೊಂದುವು, ಬಿಲಗಳಿಗೆ ವಿಷದ ಹೊಗೆ ಹಾಕಿದುವು. ರೋಗ ನಿಲ್ಲಲಿಲ್ಲ. ಒಂದು ನರಿ ಸತ್ತು ಬರಿದಾದ ನೆಲಕ್ಕೆ ಬೇರೊಂದು ನರಿಯು ಬಂದು ಸೇರುತ್ತಿದ್ದಿತು. ನರಿಯನ್ನು ಹಿಡಿದು ಸೂಜಿ ಚುಚ್ಚುವವರಾದರೂ ಯಾರು? ಹಾಗಾದರೆ ಮದ್ದನ್ನು ಅದರ ಬಾಯಿಗೇ ಹಾಕಬೇಕು. 1978ರಲ್ಲಿ ಸ್ವಿಟ್ಜರ್ಲೆಂಡಿನವರು ದುರ್ಬಲಗೊಳಿಸಿದ ರೇಬೀಸ್ ವಿಷಾಣುವನ್ನು ಕೋಳಿಯ ತಲೆಗಳಲ್ಲಿ ಅಡಗಿಸಿ ಕಾಡಿನಲ್ಲಿ ಚೆಲ್ಲಿ ಈ ಉಪಾಯದ ಫಲವನ್ನು ತೋರಿಸಿದರು. ಆದರೆ ಜೀವಂತ ರೇಬೀಸನ್ನೇ ಕಾಡಿಗೆ ಚೆಲ್ಲುವುದೆಂದರೆ ಮನಸ್ಸಿಗೆ ಅಳುಕು. ಇಲಿ ಹೆಗ್ಗಣಗಳಲ್ಲಿ ಅದು ರೋಗವನ್ನೇ ತಂದರೆ?

ಇಲ್ಲಿ ವಾಹನವು ನೆರವಿಗೆ ಬಂದಿತು. 1984ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಮತ್ತು ಅಮೆರಿಕದ ವಿಸ್ಟಾರ್ ಸಂಸ್ಥೆಯ ವಿಜ್ಞಾನಿಗಳು ರೇಬೀಸ್ ವಿಷಾಣುವಿನ ಹೊರಮೈಯ ಒಂದು ಜೀನನ್ನು ಮಾತ್ರ ತೆಗೆದು ಸಿಡುಬಿನ ಲಸಿಕೆಯ ವಿಷಾಣುವಿನೊಳಗೆ ಕೂಡಿಸಿದರು. ಅದರಲ್ಲಿ ರೇಬೀಸಿನ ಅಂಗಿಯುಂಟು, ರೇಬೀಸಿಲ್ಲ. ಆದುದರಿಂದ ಅದು ಹುಚ್ಚನ್ನು ಹುಟ್ಟಿಸುವುದು ಅಸಾಧ್ಯ. ಇದನ್ನು ಸಣ್ಣ ಚೀಲದಲ್ಲಿ ತುಂಬಿ, ತುತ್ತಿನೊಳಗೆ ಅಡಗಿಸಿ, 1987ರಲ್ಲಿ ಬೆಲ್ಜಿಯಂನಲ್ಲಿ ಮೊದಲ ಬಾರಿಗೆ ಹೊರನೆಲದಲ್ಲಿ ಇಟ್ಟು ನೋಡಿದರು. ಅನಂತರ ಹೆಲಿಕಾಪ್ಟರುಗಳಿಂದ ಕಾಡುಗಳ ಮೇಲೆ ಸುರಿಸಿದರು. ನರಿಯು ತುತ್ತನ್ನು ಕಚ್ಚಿದಾಗ ಚೀಲವೊಡೆದು ಮದ್ದು ಬಾಯಿ ಗಂಟಲುಗಳಿಗೆ ತಗಲುವುದು. ತುತ್ತಿನಲ್ಲಿ ಟೆಟ್ರಾಸೈಕ್ಲಿನ್ ಎಂಬ ಔಷಧವನ್ನೂ ಬೆರೆಸಿದ್ದರು; ಅದು ಹಲ್ಲು ಮೂಳೆಗಳಲ್ಲಿ ಗುರುತಾಗಿ ನಿಲ್ಲುವುದರಿಂದ ಎಷ್ಟು ನರಿಗಳು ಔತಣಕ್ಕೆ ಬಂದಿದ್ದವೆಂಬುದರ ಲೆಕ್ಕವೂ ಸಿಕ್ಕಿತು. 2001ರ ಹೊತ್ತಿಗೆ ಬೆಲ್ಜಿಯಂ, ಫ್ರಾನ್ಸ್, ಲಕ್ಸೆಂಬರ್ಗ್ ದೇಶಗಳು ನರಿಯ ರೇಬೀಸಿನಿಂದ ಮುಕ್ತವಾದುವು. ಕೊಲ್ಲುವುದರಿಂದ ಆಗದ ಕಾರ್ಯವು ಊಟವಿಕ್ಕುವುದರಿಂದ ಆಯಿತು.

ಇಷ್ಟು ಹೇಳಿ ಸುಮ್ಮನಾದರೆ ಸತ್ಯದ ಅರ್ಧವನ್ನು ಮುಚ್ಚಿಟ್ಟಂತಾಗುವುದು. 2000ದಲ್ಲಿ ಅಮೆರಿಕದ ಒಹಾಯೊ ಪ್ರಾಂತದಲ್ಲಿ ಗರ್ಭಿಣಿಯೊಬ್ಬಳು ತನ್ನ ನಾಯಿಯು ಕಚ್ಚಿ ತಂದಿದ್ದ ಇಂತಹ ತುತ್ತನ್ನು ಅದರ ಬಾಯಿಂದ ಕಿತ್ತುಕೊಳ್ಳುವಾಗ ನಾಯಿ ಕಡಿಯಿತು. ಗಾಯದ ಮೂಲಕ ವಾಹನದ ವಿಷಾಣುವು ಆಕೆಯ ಮೈಯನ್ನು ಹೊಕ್ಕಿತು. ಆಕೆಗೆ ಮೊದಲೇ ಚರ್ಮದ ವ್ಯಾಧಿಯಿದ್ದುದರಿಂದ ತೊಂದರೆ ಹೆಚ್ಚಾಯಿತು, ಕಡೆಗೆ ಗುಣವಾಯಿತು. ಹೊರೆಯು ನಿರಪಾಯವಾದ ಮಾತ್ರಕ್ಕೆ ವಾಹನವೂ ನಿರಪಾಯವೆಂದು ಹೇಳಲಾಗದೆಂಬುದಕ್ಕೆ ಇದು ದೃಷ್ಟಾಂತ. ಪ್ರಸಂಗವಶಾತ್ ಒಂದು ಮಾತು: ನಮ್ಮಲ್ಲಿ ಮನುಷ್ಯರಿಗೆ ಹುಚ್ಚುನಾಯಿಯ ಕಡಿತಕ್ಕೆ ಸಾಮಾನ್ಯವಾಗಿ ಕೊಡುವ ಲಸಿಕೆಯು ಈ ಜಾತಿಯದಲ್ಲ, ಕೊಂದ ವಿಷಾಣುವಿನಿಂದ ಮಾಡಿದ್ದು. ಕಡಿತವಾದ ಕೂಡಲೆ ಗಾಯವನ್ನು ಸಾಬೂನು ನೀರಿನಿಂದ ಕಾಲು ಗಂಟೆ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಿ ಆ ಲಸಿಕೆಯನ್ನು ಹಾಕಿಸಿಕೊಳ್ಳತಕ್ಕದ್ದು.

ಇನ್ನು ಚಿಂಪಾಂಜಿಯ ಪ್ರಸ್ತಾಪ. ಅಡೆನೊವೈರಸ್ ಎಂಬುದು ಮನುಷ್ಯರಲ್ಲಿ ನೆಗಡಿ, ಗಂಟಲುನೋವುಗಳನ್ನು ತರುವ ವಿಷಾಣುಗಳ ಒಂದು ಕುಲ. ಜೀವಕೋಶದ ಬಾಗಿಲನ್ನು ತೆರೆಯುವುದರಲ್ಲಿ ಇದು ಬಹು ನಿಪುಣ. ಆದರೆ ಬಾಲ್ಯದಿಂದ ಹಲವು ನೆಗಡಿಗಳನ್ನು ಕಂಡ ನಮ್ಮ ಶರೀರಕ್ಕೆ ಈ ಕುಲದ ಹಲವರ ಪರಿಚಯವು ಮೊದಲೇ ಇರುವುದು. ಮನುಷ್ಯರ ಐದನೆಯ ಅಡೆನೊವೈರಸನ್ನು ವಾಹನವಾಗಿ ಮಾಡಿಕೊಂಡು ಏಡ್ಸ್ ರೋಗಕ್ಕೆ ಮಾಡಿದ ಲಸಿಕೆಯ ಪರೀಕ್ಷೆಯನ್ನು 2007ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಅದು ರಕ್ಷಣೆ ಕೊಡಲಿಲ್ಲ. ಅಷ್ಟೇ ಅಲ್ಲ, ಆ ವಾಹನದ ಪರಿಚಯ ಮೊದಲೇ ಇದ್ದ ಪುರುಷರಲ್ಲಿ ಕೆಲವು ವರ್ಗದವರಿಗೆ ಸೋಂಕು ಹೆಚ್ಚಾಗಿಯೇ ಕಂಡುಬಂದಿತು. ಪರಿಚಿತ ವಾಹನದ ತೊಡಕನ್ನು ತಪ್ಪಿಸಲು ಅಪರಿಚಿತ ವಾಹನವನ್ನು ಹುಡುಕುತ್ತಿದ್ದ ಆಕ್ಸ್‌ಫರ್ಡಿನ ವಿಜ್ಞಾನಿಗಳು ಚಿಂಪಾಂಜಿಯ ಅಡೆನೊವೈರಸೊಂದನ್ನು ಆರಿಸಿ, ಅದು ಬೆಳೆಯಲು ಬೇಕಾದ ಜೀನನ್ನು ಕತ್ತರಿಸಿಹಾಕಿ, 2012ರಲ್ಲಿ ಅದರ ವಿವರವನ್ನು ಪ್ರಕಟಿಸಿದರು.

2020ರ ಜನವರಿಯಲ್ಲಿ ಚೀನದ ವಿದ್ವಾಂಸರು ಕೊರೊನಾ ವಿಷಾಣುವಿನ ಜೀನುಗಳ ಬರಹವನ್ನು ಲೋಕಕ್ಕೆ ಕೊಟ್ಟಾಗ ಆಕ್ಸ್‌ಫರ್ಡಿನಲ್ಲಿ ವಾಹನವು ಸಿದ್ಧವಾಗಿಯೇ ನಿಂತಿದ್ದಿತು. ಹೊರೆಯನ್ನು ಬದಲಾಯಿಸುವುದಷ್ಟೇ ಉಳಿದ ಕೆಲಸ. ಏಪ್ರಿಲ್ 23ರಂದು ಮೊದಲ ಸ್ವಯಂಸೇವಕರಿಗೆ ಚುಚ್ಚುಮದ್ದು ಕೊಡಲ್ಪಟ್ಟಿತು. ಪುಣೆಯ ಸೀರಂ ಸಂಸ್ಥೆಯವರು ಅದನ್ನೇ ತಯಾರಿಸಿ ಕೋವಿಶೀಲ್ಡ್ ಎಂದು ಹೆಸರಿಟ್ಟರು. 2021ರ ಜನವರಿ 16ರಿಂದ ನಮ್ಮ ದೇಶದಲ್ಲಿ ಅದರ ವಿನಿಯೋಗವು ಪ್ರಾರಂಭವಾಯಿತು. ಅರ್ಧ ಮಿಲಿಲೀಟರಿನ ಒಂದು ಚುಚ್ಚುಮದ್ದಿನಲ್ಲಿ ಸುಮಾರು 5000 ಕೋಟಿ ವಾಹನಗಳು! ಇಷ್ಟನ್ನು ಬೆಳೆಸಲು ಯಾವ ಚಿಂಪಾಂಜಿಯನ್ನೂ ಹಿಂಸಿಸಲಿಲ್ಲ. 1973ರಿಂದ ಪ್ರಯೋಗಶಾಲೆಗಳಲ್ಲಿ ಬೆಳೆಸಿಕೊಂಡು ಬಂದಿರುವ ಮನುಷ್ಯ ಜೀವಕೋಶಗಳ ಒಂದು ವಂಶವಿದೆ. ಕತ್ತರಿಸಿಹಾಕಿದ ಜೀನು ಅವುಗಳೊಳಗೆ ಇರುವುದರಿಂದ ಅಲ್ಲಿ ಮಾತ್ರ ಈ ವಿಷಾಣುವು ಬೆಳೆಯಬಲ್ಲುದು, ನಮ್ಮ ತೋಳಿನಲ್ಲಿ ಬೆಳೆಯಲಾರದು. ಅದು ಮನೆಯ ರೆಫ್ರಿಜರೇಟರಿನಷ್ಟು ತಂಪಿನಲ್ಲಿಯೇ ಕೆಡದೆ ಉಳಿಯುತ್ತಿದ್ದುದರಿಂದ ಹಳ್ಳಿಯ ಉಪಕೇಂದ್ರಗಳಿಗೂ ತಲಪಿತು. ಸೋಂಕನ್ನು ಅದು ಪೂರ್ತಿಯಾಗಿ ತಡೆಯಲಿಲ್ಲ; ಕಠಿನವಾದ ರೋಗವನ್ನೂ ಮರಣವನ್ನೂ ಬಹುಮಟ್ಟಿಗೆ ತಡೆಯಿತು.

ಅದೇ 2021ರ ಮಾರ್ಚಿಯಲ್ಲಿ ಯೂರೋಪಿನಿಂದ ಅಶುಭ ವಾರ್ತೆ ಬಂದಿತು. ಈ ಲಸಿಕೆಯನ್ನು ಹಾಕಿಸಿಕೊಂಡ ಕೆಲವರಿಗೆ, ಅದರಲ್ಲಿಯೂ ವಯಸ್ಸಿನಲ್ಲಿ ಚಿಕ್ಕವರಿಗೆ, ಒಂದೆರಡು ವಾರಗಳಲ್ಲಿ ಮೆದುಳಿನಲ್ಲಿಯೋ ಹೊಟ್ಟೆಯಲ್ಲಿಯೋ ರಕ್ತ ಹೆಪ್ಪುಗಟ್ಟಿತು. ಜೊತೆಗೆ ರಕ್ತದ ಪ್ಲೇಟ್ಲೆಟ್ಟುಗಳು ಕುಸಿದುವು. ಕೆಲವರು ಮೃತರಾದರು. ಬ್ರಿಟನ್ನಿನ ಲೆಕ್ಕದಂತೆ ಇದು ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಸಂಭವಿಸಿದ್ದು. ನಮ್ಮ ದೇಶದಲ್ಲಿ ಅದೇ ಮೇ ತಿಂಗಳಲ್ಲಿ ಸರ್ಕಾರವು ಪ್ರಕಟಿಸಿದ ಸಂದೇಹಾಸ್ಪದ ಪ್ರಸಂಗಗಳು 26. ರಕ್ತದಲ್ಲಿರುವ ಒಂದು ಬಗೆಯ ಸಸಾರಜನಕದೊಡನೆ ಅಡೆನೊವೈರಸಿನ ಕವಚವು ಅಂಟಿಕೊಂಡು, ಶರೀರವು ತನ್ನದನ್ನೇ ಶತ್ರುವೆಂದು ಭ್ರಮಿಸುವುದು ಇದರ ಕಾರಣವೆಂದು ಸಂಶೋಧಕರ ಅಭಿಪ್ರಾಯ. ಎಂದರೆ ಅಪರಾಧವು ಹೊರೆಯದಲ್ಲ, ವಾಹನದ್ದು. ಹಲವು ದೇಶಗಳು ಚಿಕ್ಕ ವಯಸ್ಸಿನವರಿಗೆ ಬೇರೆ ಲಸಿಕೆಯನ್ನು ಕೊಟ್ಟುವು. ಡೆನ್ಮಾರ್ಕು, ನಾರ್ವೆಗಳು ಇದನ್ನು ಬಿಟ್ಟೇಬಿಟ್ಟುವು. ಬೇಡಿಕೆಯು ಕುಗ್ಗಿದ ಮೇಲೆ 2024ರಲ್ಲಿ ಅದು ಯೂರೋಪಿನ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು.

ಆ ಮಾರಿಯ ದಿನಗಳಲ್ಲಿ ರೋಗದಿಂದ ಸಾಯುವ ಭಯವು ಲಸಿಕೆಯ ಭಯಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲಕ್ಷಕ್ಕೆ ಒಬ್ಬರೆಂಬ ಲೆಕ್ಕವು ಆ ಒಬ್ಬರ ಮನೆಯಲ್ಲಿ ಸಮಾಧಾನವನ್ನು ಕೊಡಲಾರದು. ಮದ್ದಿನ ಗುಣವನ್ನು ಡಂಗುರ ಸಾರಿದಷ್ಟೇ ಸ್ಪಷ್ಟವಾಗಿ ದೋಷವನ್ನೂ ಹೇಳಿದ್ದರೆ ತಲೆನೋವು, ಹೊಟ್ಟೆನೋವು, ಕಾಲಿನ ಬಾವುಗಳನ್ನು ಕಂಡು ಬೇಗನೆ ವೈದ್ಯರಲ್ಲಿಗೆ ಧಾವಿಸಲು ಅನುಕೂಲವಾಗುತ್ತದೆ. ಗೃಹಸ್ಥನು ಮಗುವಲ್ಲ, ನಿಜವನ್ನು ಹೇಳಿದರೆ ಹೆದರಿ ಓಡುವನೆಂದು ಭಾವಿಸುವುದು ಅವನಿಗೆ ಮಾಡುವ ಅವಮಾನ. ಮುಚ್ಚಿಟ್ಟದ್ದು ಬೇರೆ ಬಾಯಿಂದ ತಿಳಿದಾಗಲೇ ಅವನು ನಿಜವಾಗಿ ಓಡುವನು.

ಮೂರನೆಯ ವಾಹನವು ದನ, ಕುದುರೆ, ಹಂದಿಗಳ ಬಾಯಲ್ಲಿ ಹುಣ್ಣನ್ನು ತರುವ ಒಂದು ವಿಷಾಣು. ಕೆನಡದ ವಿನಿಪೆಗ್ ನಗರದ ಪ್ರಯೋಗಶಾಲೆಯವರು ಅದರ ಅಂಗಿಯನ್ನು ಕಳಚಿ ಎಬೋಲ ವಿಷಾಣುವಿನ ಅಂಗಿಯನ್ನು ತೊಡಿಸಿದರು. ಈ ಲಸಿಕೆಯು ಕಪಿಗಳನ್ನು ಎಬೋಲದಿಂದ ಉಳಿಸಿತೆಂದು 2005ರಲ್ಲಿಯೇ ಪ್ರಕಟವಾಯಿತು. ಆದರೆ ಅದು ಮನುಷ್ಯರ ಪರೀಕ್ಷೆಗೆ ಬಂದದ್ದು 2014ರಲ್ಲಿ! ಎಬೋಲವು ಆಫ್ರಿಕದ ಬಡವರ ರೋಗ. ಕೊಳ್ಳುವವರಿಲ್ಲದ ಮದ್ದನ್ನು ಮಾಡುವವರು ಯಾರು? ಪಶ್ಚಿಮ ಆಫ್ರಿಕದಲ್ಲಿ 28,000ಕ್ಕೂ ಮಿಕ್ಕಿ ಜನರಿಗೆ ರೋಗ ತಗಲಿ, 11,000ಕ್ಕೂ ಮಿಕ್ಕಿ ಜನರು ಸಾಯಬೇಕಾಯಿತು. 2015ರಲ್ಲಿ ಗಿನಿ ದೇಶದಲ್ಲಿ, ರೋಗಿಯೊಬ್ಬನು ಕಂಡೊಡನೆ ಅವನ ಸುತ್ತಲಿನವರಿಗೂ, ಅವರ ಸುತ್ತಲಿನವರಿಗೂ ಬಳೆಯಂತೆ ಸುತ್ತುವರಿದು ಲಸಿಕೆ ಹಾಕಿದರು; ಸಿಡುಬನ್ನು ಅಟ್ಟುವಾಗ ನಮ್ಮ ದೇಶದಲ್ಲಿಯೂ ನಡೆದ ಕ್ರಮವೇ ಅದು. ಒಡನೆಯೇ ಲಸಿಕೆ ಹಾಕಿಸಿಕೊಂಡವರಲ್ಲಿ ಹತ್ತು ದಿನಗಳು ಕಳೆದ ಮೇಲೆ ಒಬ್ಬರಿಗೂ ರೋಗ ಬರಲಿಲ್ಲ. ಜ್ವರ, ಕೆಲವರಿಗೆ ಕೀಲುನೋವು, ಇವು ಅದರ ತೊಂದರೆಗಳು. 2019ರಲ್ಲಿ ಯೂರೋಪು, ಅಮೆರಿಕಗಳು ಅದಕ್ಕೆ ಒಪ್ಪಿಗೆ ಕೊಟ್ಟುವು.

ಈ ಕಥೆಯನ್ನು ಮಲೆನಾಡಿನವರು ಗಮನವಿಟ್ಟು ಓದಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಗೆ ಬಂದ ಮಂಗನ ಕಾಯಿಲೆಯು ಇಂದಿಗೂ ತೊಲಗಿಲ್ಲ. ಸೌದೆ, ದರಗು ತರಲು ಕಾಡಿಗೆ ಹೋದವರನ್ನು ಉಣುಗು ಕಚ್ಚಿ ಈ ಜ್ವರ ಬರುವುದು. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುವರು. ಬಹುಕಾಲ ಕೊಡುತ್ತಿದ್ದ ಕೊಂದ ವಿಷಾಣುವಿನ ಲಸಿಕೆಯ ಶಕ್ತಿ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. 2023ರಲ್ಲಿ ಅಮೆರಿಕದ ಮೊಂಟಾನಾ ಪ್ರಾಂತದ ವಿಜ್ಞಾನಿಗಳು ಮೇಲೆ ಹೇಳಿದ ದನದ ವಿಷಾಣುವಿಗೆ ಕ್ಯಾಸನೂರಿನ ವಿಷಾಣುವಿನ ಜೀನನ್ನು ಹೊರಿಸಿ ಮಾಡಿದ ಲಸಿಕೆಯು ಒಂದೇ ಸಲದ ಚುಚ್ಚುವಿಕೆಯಿಂದ ಕಪಿಗಳನ್ನು ಈ ರೋಗದಿಂದ ಕಾಪಾಡಿತೆಂದು ಪ್ರಕಟಿಸಿರುವರು. ಕಪಿಗಳಿಗೆ ಹಿತವಾದದ್ದು ಮನುಷ್ಯರಿಗೂ ಹಿತವೆಂದು ಇಷ್ಟರಿಂದಲೇ ಸಿದ್ಧವಾಗುವುದಿಲ್ಲ. ಪರೀಕ್ಷೆಗಳು ಬಹಳ ಬೇಕು. ನಮ್ಮ ದೇಶದಲ್ಲಿಯೂ ಬೇರೆ ವಿಧಾನದ ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿದೆ. ವಾಹನ ಯಾವುದಾದರೂ ಆಗಲಿ, ಎಬೋಲದ ಲಸಿಕೆಯಂತೆ ಇದೂ ಕಪಾಟಿನಲ್ಲಿ ಒಂಬತ್ತು ವರ್ಷ ಕುಳಿತಿರಬಾರದು. ದರಗು ಹೊರುವವಳ ಪ್ರಾಣವು ಪಟ್ಟಣಿಗನ ಪ್ರಾಣಕ್ಕಿಂತ ಅಗ್ಗವಲ್ಲ.

ನಾಳೆ ಯಾವುದಾದರೊಂದು ಹೊಸ ಲಸಿಕೆಯು ನಮ್ಮ ಮನೆಯ ಬಾಗಿಲಿಗೆ ಬಂದಾಗ ಗೃಹಸ್ಥರು ಮೂರು ಪ್ರಶ್ನೆಗಳನ್ನು ಕೇಳಲಿ. ಇದರಲ್ಲಿ ವಾಹನವುಂಟೇ, ಉಂಟಾದರೆ ಯಾವುದು? ಅದರ ಮೇಲಿರುವ ಹೊರೆ ಏನು? ಎಷ್ಟು ಮಂದಿಯಲ್ಲಿ ಪರೀಕ್ಷೆಯಾಗಿ ಯಾವ ತೊಂದರೆ ಕಂಡುಬಂದಿದೆ? ಕೇಳುವುದು ಉದ್ಧಟತನವಲ್ಲ, ಉತ್ತರ ಹೇಳುವುದು ವೈದ್ಯರಿಗೂ ಸರ್ಕಾರಕ್ಕೂ ಧರ್ಮ. ಉತ್ತರವು ತೃಪ್ತಿಕರವಾಗಿದ್ದರೆ ಅನುಮಾನಿಸದೆ ತೋಳನ್ನು ಕೊಡೋಣ. ಮಕ್ಕಳ ತೋಳನ್ನೂ ಕೊಡಿಸೋಣ. ಎರಡು ಶತಮಾನಗಳ ಹಿಂದೆ ಮೈಸೂರಿನ ಅರಮನೆಯಲ್ಲಿ ತರುಣಿಯೊಬ್ಬಳು ತೋಳನ್ನು ತೋರಿಸಿ ಜನರಿಗೆ ಧೈರ್ಯ ಹೇಳಬೇಕಾಗಿದ್ದಿತು. ಈಗ ಆ ಧೈರ್ಯವನ್ನು ತಿಳಿವಳಿಕೆಯಿಂದ ನಾವೇ ಸಂಪಾದಿಸಿಕೊಳ್ಳಬಹುದು.